ಚೌಕಿಯ ಕಟ್ಟೆಗೆ ಒಬ್ಬ ಹೆಂಗಸು

ನಮ್ಮ ಚೌಕಿಯಲ್ಲಿ ಪೊಲೀಸರೆಂದು ಇದ್ದವರು ಇಬ್ಬರೇ. ಒಬ್ಬರು ಜಮಾದಾರರು, ಇನ್ನೊಬ್ಬಳು ನಾನು. ಗೋಡೆಯ ಹಲಗೆಯ ಮೇಲೆ ಮಾತ್ರ ಮಂಜೂರಾದ ಹುದ್ದೆಗಳು ಆರು ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ಉಳಿದ ನಾಲ್ವರೆಲ್ಲಿ ಎಂದು ನಾನು ಬಂದ ಹೊಸದರಲ್ಲಿ ಕೇಳಿದಾಗ ಜಮಾದಾರರು ಹಲಗೆಯ ಕಡೆ ಕೈ ಮಾಡಿದರು.

"ಅಲ್ಲೇ ಅದಾರಲ್ಲ ತಂಗಿ. ಪಗಾರ ಕೇಳಂಗಿಲ್ಲ, ರಜಾ ಕೇಳಂಗಿಲ್ಲ. ಭಾಳ ಛಲೋ ಮಂದಿ."

ಔರಾದ ತಾಲ್ಲೂಕಿನಲ್ಲಿ ಚಿಂತಾಕಿ ಕಡೆ ಹೋಗುವ ರಸ್ತೆಗೆ ಹತ್ತಿದ ಹಳ್ಳಿ ಅದು. ಚೌಕಿ ಎಂದರೆ ಎರಡು ಕೋಣೆ, ಹಿಂದೆ ಒಂದು ಅಡುಗೆಮನೆ, ಮುಂದೆ ಕಲ್ಲಿನ ಕಟ್ಟೆ. ಕಟ್ಟೆಯ ಪಕ್ಕದ ಬೇವಿನ ಮರದಿಂದ ಕಿಟಕಿಯ ಸರಳಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ಬೀದರದ ನೌಬಾದದಲ್ಲಿ ಬೆಳೆದ ನನ್ನನ್ನು ಅಲ್ಲಿಗೆ ಹಾಕಿದಾಗ ನನ್ನ ತಾಯಿ ಕಾಲಾಪಾನಿಗೆ ಕಳಿಸುವವರ ಹಾಗೆ ಅತ್ತಿದ್ದಳು. ನನಗೂ ಸಿಟ್ಟು ಬಂದಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ, ಈಗಲೂ.

ಆ ಹಗ್ಗದ ಬಗ್ಗೆ ಮೊದಲು ಹೇಳಬೇಕು. ಬೀದರದಲ್ಲಿ ಮೆರವಣಿಗೆ ಎಂದರೆ ನಮ್ಮನ್ನು ಬಂದೋಬಸ್ತಿಗೆ ಕರೆಯುವರು. ಭಾಲ್ಕಿಗೆ ಮಂತ್ರಿಗಳು ಬಂದರೆ ಕರೆಯುವರು. ಎಲ್ಲೇ ಒಬ್ಬ ಹೆಂಗಸನ್ನು ಹಿಡಿದು ತಂದರೂ ಜೊತೆಗೆ ಕೂರಲು ನಾನೇ ಹೋಗಬೇಕು, ಯಾಕೆಂದರೆ ಆಗ ನಮ್ಮ ಕಡೆ ಹೆಂಗಸು ಪೊಲೀಸರು ಹುಡುಕಿದರೂ ಸಿಗುತ್ತಿರಲಿಲ್ಲ. ಮದುವೆ ಮನೆಗಳಿಗೆ ಎರವಲು ಒಯ್ಯುವ ಹಂಡೆಯ ಹಾಗೆ ನನ್ನನ್ನು ಠಾಣೆಯಿಂದ ಠಾಣೆಗೆ ಒಯ್ಯುತ್ತಿದ್ದರು. ಹೀಗೆ ಇಬ್ಬರೂ ಊರು ಬಿಡಬೇಕಾದ ದಿನ ಜಮಾದಾರರು ತಮ್ಮ ಹಳೆಯ ಖಾಕಿ ಅಂಗಿಯನ್ನು ಆ ಹಗ್ಗಕ್ಕೆ ಹಾಕಿ, ಬಾಗಿಲು ಮುಂದೆ ಮಾಡಿ ಹೊರಡುತ್ತಿದ್ದರು. ರಸ್ತೆಯಲ್ಲಿ ಹೋಗುವವರು ಅಂಗಿ ಕಂಡರೆ ಒಳಗೆ ಪೊಲೀಸ ಇದ್ದಾನೆ ಎಂದುಕೊಳ್ಳಬೇಕು. ನಾವು ನಿಜವಾಗಿ ಇದ್ದ ದಿನ ಹಗ್ಗದ ಮೇಲಿನ ಅಂಗಿ ಒಗೆದದ್ದು, ಒದ್ದೆ ಇರುತ್ತಿತ್ತು. ಇಲ್ಲದ ದಿನ ಒಣ ಅಂಗಿ. ಊರವರಿಗೆಲ್ಲ ಇದು ಗೊತ್ತಿದ್ದರೂ ಹೊರಗಿನವರ ಮುಂದೆ ಒಬ್ಬರೂ ಬಾಯಿ ಬಿಡಲಿಲ್ಲ.

ಮಳೆ ಕೈಕೊಟ್ಟ ವರ್ಷಗಳು ಅವು. ತೊಗರಿ ಹೂವಿಗೆ ಬರುವ ಮುಂಚೆಯೇ ಸುಟ್ಟುಹೋಗಿತ್ತು. ದಸರೆ ಮುಗಿಯುತ್ತಲೇ ಜನ ಗಂಟುಮೂಟೆ ಕಟ್ಟಿ ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುತ್ತಿದ್ದರು. ಉಳಿದವರಿಗೆ ಟ್ಯಾಂಕರ್ ನೀರು, ನೀರಿನ ಜೊತೆ ಜಗಳ. ಕೊಡಗಳ ಸಾಲಿನಲ್ಲಿ ಯಾರದೋ ಕೊಡ ಯಾರೋ ಸರಿಸಿದರೆ ಸಾಕು, ಮೂರು ತಲೆಮಾರಿನ ಹಗೆಯೆಲ್ಲ ಎದ್ದು ಕೂರುತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಜಮಾದಾರರಿಗೆ ಮೊದಲನೆಯದು ಬರುತ್ತಿರಲಿಲ್ಲ, ಮಿರ್ಚಿ ಭಜಿ ಕಂಡರೆ ಕೈ ತಡೆಯದ ಮನುಷ್ಯ. ಎರಡನೆಯದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಜಗಳವಾಡಿದ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸುವರು. ಆಮೇಲೆ ಒಂದೇ ಷರತ್ತು. "ನೀ ಅವನ ತಕರಾರ ಹೇಳು. ಅವ ನಿಂದು ಹೇಳ್ತಾನ." ಎದುರಿನವನ ದೂರನ್ನು ತನ್ನ ಬಾಯಿಂದ ಹೇಳುತ್ತ ಹೇಳುತ್ತ ಅರ್ಧ ದಾರಿಯಲ್ಲೇ ಒಬ್ಬ ನಕ್ಕುಬಿಡುತ್ತಿದ್ದ, ಇಲ್ಲವೇ ಅತ್ತುಬಿಡುತ್ತಿದ್ದ. ಅಲ್ಲಿಗೆ ಮುಗಿಯಿತು. ಕೇಸಿಲ್ಲ, ಕಾಗದವಿಲ್ಲ. ಹೊಸದಾಗಿ ತರಬೇತಿ ಮುಗಿಸಿ ಬಂದ ನನಗೆ ಎಲ್ಲವನ್ನೂ ಬರೆಯಬೇಕೆಂಬ ಚಟ. ಅವರು ಬಿಡುತ್ತಿರಲಿಲ್ಲ. ಹಾಗಾಗಿ ತಿಂಗಳು ತಿಂಗಳು ನಮ್ಮ ಚೌಕಿಯಿಂದ ಮೇಲಿನವರಿಗೆ ಹೋಗುತ್ತಿದ್ದ ವರದಿಯಲ್ಲಿ ಅಪರಾಧ ಎಂಬಲ್ಲಿ "ಇಲ್ಲ" ಎಂದಷ್ಟೇ ಇರುತ್ತಿತ್ತು.

ಆ ಊರಿನ ಒಬ್ಬ ಹುಡುಗಿ ಹತ್ತನೇ ತರಗತಿಯಲ್ಲಿದ್ದಳು. ಹೈಸ್ಕೂಲು ಮುಂದಿನ ಹಳ್ಳಿಯಲ್ಲಿ. ದಾರಿ ನಮ್ಮ ಚೌಕಿಯ ಮುಂದೆ ಹಾದು, ಸಾರಾಯಿ ಅಂಗಡಿ ದಾಟಿ, ಬೀಗ ಬಿದ್ದ ಮನೆಗಳ ಓಣಿಯಲ್ಲಿ ಹೋಗುತ್ತದೆ. ಒಳ್ಳೆಯ ಮಳೆಯ ವರ್ಷಗಳಲ್ಲಿ ಆ ಓಣಿಯ ಹೆಂಗಸರು ಹೊಸ್ತಿಲಲ್ಲಿ ಕೂತು ಕಾಳು ಹಸನು ಮಾಡುತ್ತ, ಹೋಗಿಬರುವವರನ್ನೆಲ್ಲ ವಿಚಾರಿಸುತ್ತಿದ್ದರಂತೆ. ಈಗ ಅಲ್ಲಿ ನಾಯಿಗಳು, ಅಂಗಡಿಯ ಮುಂದೆ ಟ್ಯಾಂಕರ್ ಮತ್ತು ಲಾರಿ ಓಡಿಸುವ ಗಂಡಸರು. ಜೊತೆಗೆ ಶಾಲೆಗೆ ಹೋಗುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ತಾಯಿತಂದೆಯರ ಹಿಂದೆ ಗುಳೆ ಹೊರಟುಹೋಗಿ ಇವಳೊಬ್ಬಳೇ ಉಳಿದಿದ್ದಳು. ಬೆಳಿಗ್ಗೆ "ಹೋಗ್ತೇನಿ ಅಕ್ಕಾ" ಎನ್ನುವಳು, ಸಂಜೆ "ಬಂದೀನಿ ಅಕ್ಕಾ" ಎನ್ನುವಳು. ನಾನು ಎದ್ದು ಕಟ್ಟೆಯ ಮೇಲೆ ನಿಂತು, ಅವಳು ಓಣಿ ದಾಟುವವರೆಗೆ ನೋಡುವೆ. ಆಗ ನಮಗೆ ಖಾಕಿ ಸೀರೆಯೇ ಸಮವಸ್ತ್ರ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ನಿಂತರೆ ಅಂಗಡಿಯ ಮುಂದಿನವರು ಆಕಾಶ ನೋಡಲು ಶುರುಮಾಡುತ್ತಿದ್ದರು. ಅದೊಂದು ಸುಖ ನನಗೆ.

ಅವಳ ತಾಯಿಯೂ ಗಂಡನ ಜೊತೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವಳು. ಹಿಂದಿನ ವರ್ಷ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದಳು. ಈ ಸಲವೂ ಹೊರಡುವ ಮುಂಚೆ ಕಟ್ಟೆಗೆ ಬಂದು ಕೇಳಿದಳು.

"ಪೊಲೀಸಕ್ಕ, ನೀವು ಇಲ್ಲೇ ಇರ್ತೀರಲ್ಲ? ನೀವಿದ್ರ ಹುಡುಗೀನ ಬಿಟ್ಟು ಹೋಗ್ತೇನಿ. ಇಲ್ಲಂದ್ರ ಕರ್ಕೊಂಡು ಹೋಗ್ತೇನ್ರಿ, ಸಾಲಿ ಹೋದ್ರ ಹೋಗ್ಲಿ."

ಇರ್ತೇನಿ ಎಂದೆ. ಅದೇ ವಾರ ಔರಾದಿನಿಂದ ಸುದ್ದಿ ಬಂತು, ನಮ್ಮ ಚೌಕಿಯನ್ನು ಮುಚ್ಚುತ್ತಾರೆ ಎಂದು. ಬೀದರ ಶಹರದಲ್ಲಿ ಜನ ಸಾಲದು. ಅಪರಾಧವೇ ಇಲ್ಲದ ಕಡೆ ಇಬ್ಬರು ಪೊಲೀಸರು ಯಾಕೆ? ಅವರ ಲೆಕ್ಕ ಅವರಿಗೆ ಸರಿಯೇ. ನಾನು ಜಮಾದಾರರ ಮೇಲೆ ಹರಿಹಾಯ್ದೆ. "ನೋಡ್ರಿ, ಎಲ್ಲಾರಿಗೂ ಚಹಾ ಕುಡಿಸಿ ಕುಡಿಸಿ ನಮ್ಮ ಚೌಕೀನೇ ಕುಡಿಸಿಬಿಟ್ರಿ!" ಅವರು ಹಲಗೆಯನ್ನು ನೋಡುತ್ತ ಕೂತರು. ಅವರು ತಮಾಷೆ ಮಾಡದೆ ಕೂತದ್ದನ್ನು ಕಂಡದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು.

ಊರಿಗೆ ಸುದ್ದಿ ಮುಟ್ಟಿತು. ಊರವರು ಹನುಮಂತ ದೇವರ ಗುಡಿಯಲ್ಲಿ ಸಭೆ ಸೇರಿ ತಮ್ಮದೇ ಒಂದು ಉಪಾಯ ಹೂಡಿದರು. ಕೇಸಿಲ್ಲದ್ದಕ್ಕೆ ತಾನೇ ಚೌಕಿ ಹೋಗುವುದು? ಕೇಸು ಕೊಟ್ಟರಾಯಿತು. ಬೆಳಗಾಗುವುದರೊಳಗೆ ಕಟ್ಟೆಯ ಮುಂದೆ ಫಿರ್ಯಾದಿಗಳ ಸಾಲು ನಿಂತಿತ್ತು. ಒಬ್ಬ ತನ್ನ ಆಡನ್ನು ಹೆಂಡತಿಯ ತಮ್ಮ ಕದ್ದ ಎಂದ. ಕದ್ದವನು ಆಡಿನ ಸಮೇತ ಪಕ್ಕದಲ್ಲೇ ನಿಂತಿದ್ದ. ಹಿಟ್ಟಿನ ಗಿರಣಿಯವನು ತನ್ನನ್ನು ಒಬ್ಬ ಬೈದ ಎಂದ. ಬೈದವನು, "ಸ್ವಲ್ಪ ಮರ್ಯಾದಿ ಬೈಗುಳ ಬರೀರಿ, ಬೀಗರು ಕೇಳಿದ್ರ ನಾಚಿಕಿ" ಎಂದ. ಆರೋಪಿಯಾಗಲು ಇಬ್ಬರು ಮುದುಕರ ನಡುವೆ ಪೈಪೋಟಿ ಎದ್ದಿತ್ತು. "ಭಜನಿ ದಿಂಡಿಯೊಳಗ ನೀನೇ ಮುಂದ, ಊಟದ ಪಂಗತಿಯೊಳಗ ನೀನೇ ಮುಂದ. ಈಗ ಕಳ್ಳನೂ ನೀನೇ ಆಗ್ತಿ ಏನ?"

"ಸುಳ್ಳು ಫಿರ್ಯಾದಿ ಕೊಟ್ರ ನಿಮ್ಮನ್ನೇ ಒಳಗ ಹಾಕ್ತೇನಿ!" ಎಂದು ಗದರಿದೆ.

"ಹಾಕ್ರಿ ಅಕ್ಕಾ, ಅದೂ ಒಂದು ಕೇಸ್ ಆಗ್ತದ" ಎಂದ ಗಿರಣಿಯವನು.

ಜಮಾದಾರರು ಒಂದನ್ನೂ ಬರೆಯದೆ ಎಲ್ಲರನ್ನೂ ಅಟ್ಟಿದರು. ಆದರೆ ಚೌಕಿ ನೋಡಲು ಬೀದರದಿಂದ ಸಾಹೇಬರು ಬಂದ ದಿನ ಅದೇ ಜನ, ಅದೇ ಆಡು, ಮತ್ತೆ ಹಾಜರು. ಸಾಹೇಬರು ಸಣಕಲು ಮನುಷ್ಯ, ಕಣ್ಣು ಕೆಂಪಾಗಿದ್ದವು. ಅವರಿಗೂ ಇಬ್ಬರು ಅಧಿಕಾರಿಗಳ ಹೊಣೆಯನ್ನು ಒಬ್ಬರ ಮೇಲೆ ಹೊರಿಸಿದ್ದರು. ಆಡು ಕದ್ದದ್ದು ನಿಜವೇ ಎಂದು ಅವರು ಕೇಳಿದರೆ, "ನಾನೇ ಕದ್ದೀನ್ರಿ ಸಾಹೇಬ್ರ, ಬೇಕಂದ್ರ ನಾಳಿನೂ ಕದೀತೇನಿ" ಎಂದು ಆ ಭಾವಮೈದುನ ಎದೆ ಉಬ್ಬಿಸಿದ. ಸಾಹೇಬರ ಮೀಸೆಯಡಿ ನಗು ಹಾದು ಹೋಯಿತು. ಆಮೇಲೆ ಗಂಭೀರವಾಗಿ, "ಇದರೊಳಗ ಖರೇದು ಒಂದಾದ್ರೂ ಅದ ಏನು?" ಎಂದರು.

ಹಿಂದೆ ನಿಂತಿದ್ದ ಹುಡುಗಿಯ ತಾಯಿ ಮುಂದೆ ಬಂದಳು.

"ಒಂದು ಅದ್ರಿ ಸಾಹೇಬ್ರ. ನನ್ನ ಮಗಳು ದಿನಾ ಈ ದಾರ್ಯಾಗ ಒಬ್ಬಾಕಿನೇ ಸಾಲಿಗಿ ಹೋಗ್ತಾಳ. ಇವತ್ತಿನತನ ಆಕಿಗಿ ಏನೂ ಆಗಿಲ್ಲ. ಅದನ್ನ ಎಲ್ಲಿ ಬರೀತೀರಿ?"

ಸಾಹೇಬರು ನಮ್ಮ ತಿಂಗಳ ವರದಿಯನ್ನು ತಿರುವಿ ನೋಡಿದರು. "ಅದನ್ನ ಬರಿಯೋ ಜಾಗ ಇಲ್ಲವ್ವ" ಎಂದರು ಕೊನೆಗೆ. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಜಮಾದಾರರು ತರಿಸಿದ ಚಹಾ ಕುಡಿದು ಹೊರಟುಹೋದರು.

ಕೆಲವು ದಿನಗಳಲ್ಲಿ ಆದೇಶ ಬಂತು. ಚೌಕಿ ಉಳಿಯಿತು. ನಾನು ಉಳಿಯಲಿಲ್ಲ. ಬೀದರದಲ್ಲಿ ಹೆಂಗಸು ಪೊಲೀಸರ ಅಗತ್ಯ ಜಾಸ್ತಿ, ಕೂಡಲೇ ಬಂದು ಸೇರಬೇಕು. ಹರಿದ ಕೌದಿಗೆ ಅದೇ ಕೌದಿಯಿಂದ ತುಂಡು ಕತ್ತರಿಸಿ ತೇಪೆ ಹಾಕಿದ ಹಾಗೆ. ಮನೆಯ ಹತ್ತಿರ ಹೋಗುತ್ತೇನೆ, ತಾಯಿಯ ಕೈಯ ಊಟ ಸಿಗುತ್ತದೆ, ಸಂತೋಷಪಡಬೇಕಿತ್ತು. ನನಗೆ ಅಳು ಬಂತು. ಹುಡುಗಿಯ ತಾಯಿಗೆ ನಾನೇ ಹೋಗಿ ಹೇಳಿದೆ, ಜಮಾದಾರರೂ ಜೊತೆಗೆ ಬಂದಿದ್ದರು. ಜಮಾದಾರರು ಇರುತ್ತಾರೆ ಎಂದೂ ಹೇಳಿದೆ.

"ಅವರು ದೇವರಂಥ ಮನಶ್ಯಾರು ಖರೆ" ಎಂದಳು ಅವಳು. "ಆದ್ರ ಬಂದೋಬಸ್ತಂತ ಅವರನ್ನೂ ಕರೀತಾರ. ಆಮ್ಯಾಲ ಹಗ್ಗದ ಮ್ಯಾಲ ಅಂಗಿ ಒಂದೇ ಇರ್ತದ. ಅಂಗಿ ನಂಬಿ ಹುಡುಗೀನ ಹ್ಯಾಂಗ ಬಿಡ್ಲಿ, ಅಕ್ಕಾ?"

ಕೇಳುತ್ತ ನಿಂತಿದ್ದ ಜಮಾದಾರರು ಮಾರನೆಯ ದಿನ ರಜೆ ಬರೆದು ಭಾಲ್ಕಿಗೆ ಹೋದರು. ಭಾಲ್ಕಿಯಲ್ಲಿ ಅವರ ಸ್ವಂತ ಮನೆ ಇತ್ತು, ಅಂಗಳದಲ್ಲಿ ಬತ್ತದ ಬಾವಿ ಇತ್ತು, ಹೆಂಡತಿ ಇದ್ದರು. ನೀರಿಲ್ಲದ ಊರಿಗೆ ನಾನು ಕಾಲಿಡುವುದಿಲ್ಲ ಎಂದು ಆಕೆ ಹೇಳಿ ವರ್ಷಗಳಾಗಿದ್ದವು. ಇಂಥ ಹೊತ್ತಿನಲ್ಲಿ ಮನೆಗೆ ಓಡಿದರಲ್ಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ನಾನು ಹೊರಡುವ ಬೆಳಿಗ್ಗೆಯೇ ಪುಣೆಗೆ ಹೋಗುವವರ ಟೆಂಪೋ ಕೂಡ ಚೌಕಿಯ ಮುಂದೆ ನಿಂತಿತು. ಭಾಲ್ಕಿಗೆ ಹೋಗಿ ರೈಲು ಹತ್ತುವವರು. ರೊಟ್ಟಿಯ ಗಂಟು, ಹಾಸಿಗೆ, ಸಲಿಕೆ. ಎಲ್ಲದರ ಮೇಲೆ ಹುಡುಗಿಯ ಶಾಲೆಯ ಚೀಲ. ಹುಡುಗಿ ನನ್ನ ಟ್ರಂಕಿನ ಪಕ್ಕ ಬಂದು ನಿಂತಳು. "ಹೋಗ್ತೇನಿ ಅಕ್ಕಾ" ಎಂದಳು, ದಿನಾ ಹೇಳುವ ಹಾಗೆಯೇ. ಅವಳ ಮುಖ ನೋಡಲಾಗದೆ ರಸ್ತೆಯನ್ನು ನೋಡುತ್ತ ನಿಂತೆ. ಹಗ್ಗದ ಮೇಲೆ ಒಣ ಅಂಗಿ ತೂಗುತ್ತಿತ್ತು.

ಔರಾದ ಕಡೆಯಿಂದ ಬಸ್ಸು ಬಂತು. ಮೊದಲು ಒಂದು ದೊಡ್ಡ ತಾಮ್ರದ ಕೊಡ ಇಳಿಯಿತು, ಅದರ ಹಿಂದೆ ಒಬ್ಬ ಎತ್ತರದ ಹೆಂಗಸು, ಅವರ ಹಿಂದೆ ಎರಡು ಗಂಟು ಹೊತ್ತ ಜಮಾದಾರರು. ಆಕೆಯ ಕೊರಳಲ್ಲಿ ಲಿಂಗದ ಕರಡಿಗೆ, ಹಣೆಗೆ ಅಡ್ಡ ವಿಭೂತಿ. ಆಕೆ ಕಟ್ಟೆಯ ಮೇಲೆ ಕೊಡ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

"ಆ ಹುಡುಗಿ ಯಾವಕಿ?"

ಜಮಾದಾರರು ತೋರಿಸಿದರು.

"ಬಿಸಲು ಇಷ್ಟ ಏರ್ಯದ, ಇನ್ನಾ ಇಲ್ಲೇ ನಿಂತೀದಿ? ಚೀಲ ಇಳಸು. ಸಾಲಿಗಿ ನಡಿ."

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಆಕೆಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ನೀವು ಇರೋವ್ರಾ ಅವ್ವಾರ? ಇಲ್ಲಾ ನಾಲ್ಕು ದಿನಕ್ಕ ಬಂದೀರಾ?"

"ಇವರು ರಿಟಾಯರ್ ಆಗೋತನ ಇರ್ತೇನಿ. ನನ್ನ ಯಾರು ಬದಲಿ ಮಾಡ್ತಾರವ್ವ? ನಂದು ಹುದ್ದಿನೇ ಇಲ್ಲ."

ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ತಾಯಿ ಗಂಟುಗಳ ಮೇಲಿಂದ ಚೀಲ ಎಳೆದು ಮಗಳ ಹೆಗಲಿಗೆ ಹಾಕಿದಳು. ಹುಡುಗಿ ಓಣಿಯ ಕಡೆ ಓಡಿದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಜಮಾದಾರರ ಹೆಂಡತಿ ಕಟ್ಟೆಯ ಮೇಲೆ ನಿಂತೇ ಇದ್ದರು. ಸಾರಾಯಿ ಅಂಗಡಿಯ ಮುಂದಿನ ಗಂಡಸರು ಆಕಾಶ ನೋಡಲು ಶುರುಮಾಡಿದ್ದನ್ನು ನಾನು, ಚಿಂತಾಕಿ ಕಡೆಯಿಂದ ಬಂದ ಬಸ್ಸು ಹತ್ತಿ, ಕಿಟಕಿಯಿಂದ ಕಂಡೆ. ಜಮಾದಾರರನ್ನು ಮನಸ್ಸಿನಲ್ಲಿ ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಬೀದರದ ಠಾಣೆಯ ಗೋಡೆಗೂ ಹಲಗೆ ಇತ್ತು, ಅಲ್ಲಿಯೂ ಹಲಗೆಯ ಮೇಲಿನ ಮಂದಿಯೇ ಹೆಚ್ಚು. ಕೆಲಸದ ಗಡಿಬಿಡಿಯಲ್ಲಿ ಆ ಕಡೆ ಹೋಗಲಾಗಲಿಲ್ಲ. ಬೇಸಿಗೆ ಕಳೆದು ಮೃಗಶಿರೆಯ ಮಳೆ ಆ ವರ್ಷ ಮಾತು ಉಳಿಸಿಕೊಂಡಿತು. ಅದರ ಮರುವಾರ ಚಿಂತಾಕಿಯಲ್ಲಿ ಸಮನ್ಸ್ ಕೊಟ್ಟು ಬರಲು ನನ್ನನ್ನು ಕಳಿಸಿದರು. ದಾರಿಯಲ್ಲಿ ಎರಡೂ ಕಡೆ ಹೊಲಗಳಲ್ಲಿ ಜನ ಇದ್ದರು, ಓಣಿಯ ಮನೆಗಳ ಬೀಗ ತೆಗೆದಿತ್ತು. ನಾನು ಚೌಕಿಯ ಹತ್ತಿರ ಇಳಿದುಬಿಟ್ಟೆ. ಜಮಾದಾರರು ಇರಲಿಲ್ಲ, ಭಾಲ್ಕಿಗೆ ಬಂದೋಬಸ್ತಿಗೆ ಕರೆದಿದ್ದರು. ಕಟ್ಟೆಯ ಮೇಲೆ ಅವರ ಹೆಂಡತಿ ಕಾಳು ಹಸನು ಮಾಡುತ್ತ ಕೂತಿದ್ದರು. ಹುಡುಗಿ ಪಾಸಾಗಿದ್ದಾಳೆ, ಬೀದರದ ಕಾಲೇಜಿಗೆ ಹಚ್ಚಲು ಬಿತ್ತನೆ ಮುಗಿಸಿ ತಾಯಿ ಬರುತ್ತಾಳೆ ಎಂದರು. ಆಮೇಲೆ ಸ್ವಲ್ಪ ನಾಚಿಕೊಂಡು, "ಆ ಹುಚ್ಚಿ ಪುಣೆದಿಂದ ನನಗ ಏನ್ ತಂದಾಳ ನೋಡ್ರಿ" ಎಂದು ಬೇವಿನ ಮರದ ಕಡೆ ತೋರಿಸಿದರು.

ಹಗ್ಗದ ಮೇಲೆ ಜಮಾದಾರರ ಹಳೆಯ ಅಂಗಿ ಇತ್ತು. ಅದರ ಪಕ್ಕದಲ್ಲಿ ಒಂದು ಖಾಕಿ ಬಣ್ಣದ ಸೀರೆ, ತೆಳ್ಳನೆಯ ಹಸಿರು ಅಂಚಿನದು. ನಾನು ಹತ್ತಿರ ಹೋಗಿ ಮುಟ್ಟಿ ನೋಡಿದೆ. ಸೀರೆ ಒದ್ದೆಯಾಗಿತ್ತು.