ಬೇಕರಿ ಮಾಸ್ತರರ ನಿಧಾನದ ಹಾಡು

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಒಲೆಯೊಳಗೆ ಕೈ ಹಾಕಿ ಹಾಕಿ ಎಲ್ಲ ಸುಟ್ಟುಹೋಗಿ, ಎಡಗೈ ಒಬ್ಬರದು, ಬಲಗೈ ಇನ್ನೊಬ್ಬರದು ಎನ್ನುವಂತೆ ಕಾಣುತ್ತಿತ್ತು. ಆ ನುಣುಪು ಕೈಯನ್ನು ಅವರು ಮೇಲೆತ್ತಿದರೆ ನಾವು ಒಂಬತ್ತು ಮಂದಿ ಒಟ್ಟಿಗೆ ಬಾಯಿ ತೆರೆಯುತ್ತಿದ್ದೆವು.

ಸಂತೆಕಟ್ಟೆಯಲ್ಲಿ ಅವರ ಬೇಕರಿ. ನಮಗೆ ಮಾತ್ರ ಅವರು ಮಾಸ್ತರ್. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್. ಆದಿತ್ಯವಾರ ಸಂಜೆ ಒಲೆ ಆರಿದ ಮೇಲೆ ಹಿಂದಿನ ಕೋಣೆಯ ಮೈದಾ ಚೀಲಗಳನ್ನು ಗೋಡೆಗೆ ಸರಿಸಿ ನಾವು ಹಾಡಿನ ಅಭ್ಯಾಸಕ್ಕೆ ನಿಲ್ಲುತ್ತಿದ್ದೆವು. ಬನ್ನಂಜೆಯ ಅಕ್ಕತಂಗಿಯರಿಬ್ಬರು, ಒಬ್ಬ ನರ್ಸ್, ಬ್ಯಾಂಕಿನ ಗುಮಾಸ್ತ, ಹೀಗೆ ಯಾರು ಯಾರೋ. ಇಗರ್ಜಿಯಲ್ಲಿ ಆದಿತ್ಯವಾರದ ಪೂಜೆಗೆ ಹಾಡುವ ದೊಡ್ಡ ಗಾಯನಮಂಡಳಿ ಬೇರೆಯೇ ಇತ್ತು. ನಮ್ಮದು ಶೋಕಿಯದು, ಕರೆದಲ್ಲಿಗೆ ಹೋಗಿ ಹಾಡುವುದು.

ಒಂದು ಹಾಡಿಗೆ ನಾಲ್ಕು ದಾರಿ, ನಾಲ್ಕು ಗುಂಪು ಬೇರೆ ಬೇರೆ ಸ್ವರಗಳಲ್ಲಿ ಅದನ್ನು ಒಟ್ಟಿಗೆ ಹಾಡುವುದು. ರಾಗ ಇರುವುದು ಎಲ್ಲಕ್ಕಿಂತ ಮೇಲಿನ ದಾರಿಯಲ್ಲಿ, ಅದು ಅಕ್ಕತಂಗಿಯರದು. ನನ್ನದೂ ನರ್ಸ್‌ದೂ ಅದರ ಕೆಳಗಿನದು. ಅರ್ಧ ಹಾಡು ಒಂದೇ ಸ್ವರದ ಮೇಲೆ ನಿಂತು, ಆಮೇಲೆ ಒಂದು ಮೆಟ್ಟಿಲು ಇಳಿದು ಮತ್ತೆ ನಿಲ್ಲುವುದು. ರಾಗ ಹಾಡಲು ನನಗೂ ಆಸೆ ಇತ್ತು. ಒಮ್ಮೆ ಗುನುಗಿದ್ದಕ್ಕೆ ಅವರು ಕೈ ಕೆಳಗಿಳಿಸಿ, "ಅದು ಅವರದ್ದು ಬಾಯಮ್ಮ, ನಿಮ್ಮದು ನಿಮಗೆ ಉಂಟಲ್ಲ," ಎಂದಿದ್ದರು.

ಆ ಹಾಡು ಸಿಕ್ಕಿದ್ದು ಒಂದು ಕ್ಯಾಸೆಟ್ಟಿನಿಂದ. ಅವರ ಭಾವ ಗಲ್ಫಿನಿಂದ ಟೇಪ್ ರೆಕಾರ್ಡರ್ ತಂದುಕೊಟ್ಟಾಗ ಅದರೊಳಗೆ ಇದ್ದದ್ದು. ಯಾವ ದೇಶದ ಹಾಡೋ, ಯಾವ ಭಾಷೆಯೋ, ಹೆಸರು ಬರೆದ ಕಾಗದವಿಲ್ಲ. ಮಾಸ್ತರರಿಗೆ ಸೆಲ್ ಬಿಸಾಡುವುದೆಂದರೆ ಜೀವ ಹೋದ ಹಾಗೆ. ಸತ್ತ ಸೆಲ್ಲುಗಳನ್ನು ಒಲೆಯ ಮೇಲಿಟ್ಟು ಕಾವು ಕೊಟ್ಟು ಮತ್ತೆ ಹಾಕುತ್ತಿದ್ದರು. ಯಂತ್ರ ಎಳೆದೆಳೆದು ಓಡುತ್ತಿತ್ತು. ಅದರಲ್ಲಿ ಹೆಂಗಸರ ದನಿಯೂ ಗಂಡಸರ ದನಿಯಂತೆ ಕೇಳುತ್ತಿತ್ತು. ಆ ದೇಶದ ಹೆಂಗಸರ ಗಂಟಲೇ ಹಾಗೆ ಎಂದು ನಾವು ನಂಬಿಕೊಂಡೆವು. ಅಷ್ಟು ನಿಧಾನದ, ಅಷ್ಟು ತಗ್ಗಿನ ಹಾಡು ಸಾವಿನ ಹಾಡಲ್ಲದೆ ಮತ್ತೇನಾಗಿರಲು ಸಾಧ್ಯ? ಮಾಸ್ತರ್ ನಾಲ್ಕೂ ದಾರಿಗಳನ್ನು ಕಿವಿಯಿಂದಲೇ ಬಿಡಿಸಿ, ಅರ್ಥವಾಗದ ಮಾತುಗಳನ್ನು ಕೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದು ಕಲಿಸಿದರು.

ಮೊದಲು ಹಾಡಿದ್ದು ಕಾಪುವಿನಲ್ಲಿ. ಗಲ್ಫಿಗೆ ಹೋಗಿದ್ದ ಹುಡುಗ ಪೆಟ್ಟಿಗೆಯಲ್ಲಿ ವಾಪಸು ಬಂದಿದ್ದ. ಅವನ ತಾಯಿ ಅಳದೆ ಕಲ್ಲಾಗಿ ಕೂತಿದ್ದರಂತೆ. ನಾವು ಎರಡನೆಯ ಚರಣಕ್ಕೆ ಬರುವಾಗ ಅವರಿಗೆ ಅಳು ಒಡೆಯಿತು. ಆಮೇಲೆ ಮಾಸ್ತರರ ಬಲಗೈಯನ್ನು ಕಣ್ಣಿಗೊತ್ತಿಕೊಂಡರು. ಅಲ್ಲಿಂದ ಕಾರ್ಕಳ, ಉಡುಪಿ, ಎಲ್ಲಿ ಸಾವಾದರೂ ನಮ್ಮನ್ನು ಕರೆಯತೊಡಗಿದರು. ಸುಳ್ಳು ಯಾಕೆ ಹೇಳಲಿ, ನಮಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ಮಣಿಪಾಲದಲ್ಲಿ ಹಿರಿಯ ವೈದ್ಯರೊಬ್ಬರ ಸಂತಾಪ ಸಭೆಗೆ ಕರೆದರು. ಹಾಡಿ ಮುಗಿಸಿದೆವು. ಅತಿಥಿಯಾಗಿ ಬಂದಿದ್ದ ವಿದೇಶದ ಹೆಂಗಸೊಬ್ಬರು ಎದ್ದು ಬಂದು ಇಂಗ್ಲಿಷಿನಲ್ಲಿ ಬಹಳ ಪ್ರೀತಿಯಿಂದಲೇ ಕೇಳಿದರು, ಇದು ನಮ್ಮ ಕಡೆ ದ್ರಾಕ್ಷಿ ಕೊಯ್ಲಿನ ದಿನ ಕುಡಿದು ಕುಣಿಯುವ ಹಾಡು, ಇಷ್ಟು ನಿಧಾನ ಯಾಕೆ ಹಾಡಿದಿರಿ ಎಂದು. ಹೇಗೆಂದು ಕಾಲು ಕುಟ್ಟಿ ತೋರಿಸಿದರು ಕೂಡ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಹಿಂದಿನ ಸಾಲಿಗೂ ಹೋಯಿತು. ಸತ್ತವರ ಫೋಟೋದ ಎದುರು ನಿಂತಿದ್ದ ನನಗೆ ಕಾಲಡಿಯ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಮರುವಾರ ಮಾಸ್ತರ್ ಹೊಸ ಸೆಲ್ ಹಾಕಿ ಕ್ಯಾಸೆಟ್ ಹಚ್ಚಿದರು. ಹಾಡು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮಲ್ಲಿ ಯಾರೂ ನಗಲಿಲ್ಲ.

"ಇನ್ನು ಆ ಸತ್ತವರ ಮನೆಯವರಿಗೆ ಮುಖ ತೋರಿಸುವುದು ಹೇಗೆ ಮಾಸ್ತರ್?" ಎಂದಳು ಅಕ್ಕತಂಗಿಯರಲ್ಲಿ ದೊಡ್ಡವಳು.

"ಅವರು ಅತ್ತದ್ದು ಸುಳ್ಳಾ? ನಾವು ಹಾಡಿದ್ದು ಸುಳ್ಳಾ? ಮತ್ತೆ ನಾಚಿಕೆ ಎಂತದಕ್ಕೆ?"

ಅವರಿಗೆ ಹಾಗನ್ನುವುದು ಸುಲಭ. ಸಂತೆಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ಕಂಡರೆ ಹುಡುಗರು ಹೆಜ್ಜೆ ಹಾಕಿ ತೋರಿಸುತ್ತಿದ್ದರು. ಅಕ್ಕತಂಗಿಯರು ಮೊದಲು ಬಿಟ್ಟರು, ಆಮೇಲೆ ಗುಮಾಸ್ತ. ನಾನು ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದೆ. ಟೈಪಿಸ್ಟಿಗೆ ಆದಿತ್ಯವಾರ ಎಂಥ ಕೆಲಸ ಎಂದು ಅವರು ಕೇಳಲಿಲ್ಲ. ನಾನು ಬಸ್ಸಿಗೆ ಕಾಯುವಾಗ ಬಿಸಿ ಬನ್ನನ್ನು ಕಾಗದದಲ್ಲಿ ಸುತ್ತಿ ತಂದುಕೊಡುತ್ತಿದ್ದರು.

"ಈ ವಾರ ಬರ್ತೀರಾ?"

"ನೋಡುವಾ ಮಾಸ್ತರ್."

"ನಿಧಾನ ಬನ್ನಿ, ಅವಸರ ಎಂತ ಇಲ್ಲ."

ಬನ್ನು ತಿಂದು ಕಾಗದ ಕಿಟಕಿಯಿಂದ ಬಿಸಾಡುತ್ತಿದ್ದೆ. ಕೆಲವು ತಿಂಗಳ ಮೇಲೆ ನಾನು ಬಸ್ಸಿಗೆ ಹಿಂದಿನ ಸ್ಟಾಪಿನಲ್ಲೇ ಹತ್ತತೊಡಗಿದೆ, ಅವರ ಕಣ್ಣು ತಪ್ಪಿಸಲು. ಆದಿತ್ಯವಾರ ಸಂಜೆ ಅವರು ಚೀಲಗಳನ್ನು ಸರಿಸಿ ಜಾಗ ಮಾಡಿ ಒಬ್ಬರೇ ಕೂರುತ್ತಾರೆ ಎಂದು ನರ್ಸ್ ಹೇಳಿದ್ದಳು. ಅದು ಗೊತ್ತಿದ್ದೂ ನಾನು ಹೋಗಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಒಲೆಯ ಎದುರೇ ಅವರ ಹೃದಯ ನಿಂತಿತು. ಸುದ್ದಿ ಕೇಳಿ ಓಡಿದೆ. ನಮ್ಮ ಪೈಕಿ ಬಂದಿದ್ದವರು ನಾನು ಮತ್ತು ನರ್ಸ್ ಇಬ್ಬರೇ. ಅಕ್ಕತಂಗಿಯರಲ್ಲಿ ಒಬ್ಬಳು ಬೊಂಬಾಯಿಯಲ್ಲಿದ್ದಳು, ಇನ್ನೊಬ್ಬಳು ಉಡುಪಿಯಲ್ಲೇ ಇದ್ದೂ ಬಂದಿರಲಿಲ್ಲ.

ಮಾಸ್ತರರ ಹೆಂಡತಿ ನನ್ನ ಕೈ ಹಿಡಿದು, "ನೀವಾದರೂ ಬಂದಿರಲ್ಲ. ಆ ಹಾಡು ಹೇಳಿ, ನಿಧಾನದ್ದು. ಅವರಿಗೆ ಅದೇ ಆಗಬೇಕು," ಎಂದರು.

ರಾಗ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ನಾನು ಯೋಚಿಸಿ ನೋಡಿದೆ, ಎಷ್ಟೋ ಮನೆಗಳಲ್ಲಿ ಹಾಡಿದ್ದರೂ ಮೇಲಿನ ದಾರಿಯ ರಾಗದ ಮೊದಲ ಸಾಲೂ ನನ್ನ ಬಾಯಿಗೆ ಬರಲಿಲ್ಲ. ನರ್ಸ್ ನನ್ನ ಮುಖ ನೋಡಿದಳು. ಗೊತ್ತಿದ್ದ ನಮ್ಮ ಕೆಳಗಿನ ದಾರಿಯನ್ನೇ ಶುರು ಮಾಡಿದೆವು. ಒಂದೇ ಸ್ವರದ ಮೇಲೆ ನಿಂತೆವು, ಒಂದು ಮೆಟ್ಟಿಲು ಇಳಿದೆವು, ಮತ್ತೆ ನಿಂತೆವು. ಜನ ತಲೆ ಎತ್ತಿ ನೋಡಿದರು. ಎಷ್ಟೋ ವರ್ಷ ಗೋಡೆಯಾಚೆಯಿಂದ ಆ ಹಾಡು ಕೇಳಿಸಿಕೊಂಡ ಮಾಸ್ತರರ ಹೆಂಡತಿ ರಾಗ ಬರುತ್ತದೆಂದು ಸ್ವಲ್ಪ ಹೊತ್ತು ಕಾದರು, ಆಮೇಲೆ ಮೆಲ್ಲಗೆ ನನ್ನ ತೋಳು ಮುಟ್ಟಿದರು.

"ಇದಲ್ಲ ಮಗಾ, ಅವರ ಹಾಡು ಹೇಳಿ."

ಇದೇ ಅದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.