ಮಡಿಕೆ ಬಿಚ್ಚಿದ ಪ್ಯಾಂಟು

ಟೈಲರ್‌ಗೆ ಎಪ್ಪತ್ತೆಂಟು. ಐವತ್ತು ವರ್ಷ ಊರವರ ಅಳತೆ ತೆಗೆದವರು. ಈಗ ಆಸ್ಪತ್ರೆಯಲ್ಲಿ ಅವರ ಅಳತೆ ತೆಗೆಯುತ್ತಿದ್ದರು.

ನ್ಯುಮೋನಿಯಾ ವಾಸಿಯಾಗಿತ್ತು. ಆದರೆ ಹತ್ತೊಂಬತ್ತು ದಿನ ಮಲಗಿ ಕಾಲು ಸೊಪ್ಪಾಗಿತ್ತು. ಮನೆಗೆ ಕಳಿಸಬೇಕೋ, ಮುದುಕರ ವಾರ್ಡಿನಲ್ಲಿ ಇನ್ನೆರಡು ತಿಂಗಳು ಇಡಬೇಕೋ ಅಂತ ಪರೀಕ್ಷೆ ಇಟ್ಟರು. ಫಿಸಿಯೋ ಮೇಡಂ ಕೈಬಲ ಅಳೆಯುವ ಒಂದು ಹಿಡಿಕೆ ಕೊಟ್ಟು ಅಮುಕಿ ಅಂದರು. ಅಮುಕಿದರು. ಮುಳ್ಳು ಸರ್ರನೆ ಏರಿತು.

"ಏನ್ ಕೈ ಯಜಮಾನ್ರೇ ನಿಮ್ಮದು!"

"ಕತ್ತರಿ ಹಿಡಿದ ಕೈ ಮೇಡಂ."

ಕೈ ಊರದೆ ಕುರ್ಚಿಯಿಂದ ಐದು ಸಲ ಏಳಬೇಕು. ತಿಣುಕಿ ತಿಣುಕಿ ಎದ್ದರು. ಆಮೇಲೆ ನಡಿಗೆ. ನಾಲ್ಕು ಮೀಟರ್, ಎಂಟು ಸೆಕೆಂಡಿನೊಳಗೆ. ಮೇಡಂ ಗಡಿಯಾರ ಹಿಡಿದು ಮುಂದೆ ನಡೆದರು. ಟೈಲರ್ ಎರಡು ಹೆಜ್ಜೆ ಹಾಕಿ ಬಗ್ಗಿ ನೋಡಿದರು. ಮತ್ತೆರಡು ಹೆಜ್ಜೆ, ಮತ್ತೆ ನೋಡಿದರು. ಹದಿನಾರು ಸೆಕೆಂಡು.

ಗೋಡೆ ಪಕ್ಕ ನಿಂತಿದ್ದ ಹೆಂಡತಿ ಹತ್ತಿರ ಓಡಿದಳು. ಮನೆಯಲ್ಲಿ ಹಾಸಿಗೆ ಹಾಸಿಟ್ಟು ಬಂದಿದ್ದಳು.

"ರೀ, ಏನಾಯ್ತು? ತಲೆ ಸುತ್ತಾ?"

"ಏನಿಲ್ಲ ಕಣೇ. ಅವರ ಪ್ಯಾಂಟು ನೋಡು, ಎಡಗಾಲಿನ ಮಡಿಕೆ ಬಿಚ್ಚಿದೆ. ಅರ್ಧ ಇಂಚು ಜೋತುಬಿದ್ದಿದೆ. ಯಾವನು ಹೊಲಿದನೋ!"

"ನಿಮ್ಮ ಬುದ್ಧಿಗಿಷ್ಟು! ನಡೀರಿ ಅಂದ್ರೆ ಹೊಲಿಗೆ ನೋಡ್ತೀರಾ?"

ಮೇಡಂ ನಕ್ಕುಬಿಟ್ಟರು. ಆದರೂ ಹದಿನಾರು ಅಂತಲೇ ಬರೆದರು. "ಕಾಲಿಗೂ ಬಲ ಸಾಲದು ಅಮ್ಮ. ಒಂದು ವಾರ ಕೊಡ್ತೀನಿ."

ಮರುದಿನ ಮೇಡಂ ಆ ಪ್ಯಾಂಟು ತಂದರು. ಕೈಗೆ ಕೊಡಲಿಲ್ಲ. ವರಾಂಡದ ಆ ತುದಿಯ ಕುರ್ಚಿಯ ಮೇಲಿಟ್ಟರು.

"ಬಂದು ತಗೊಳ್ಳಿ."

ಟೈಲರ್ ಗೊಣಗುತ್ತಾ ವಾಕರ್ ಹಿಡಿದು ಹೋದರು. ಸುದ್ದಿ ಹಬ್ಬಿತು. ನರ್ಸುಗಳ ಕಿತ್ತ ಗುಂಡಿ, ಡಾಕ್ಟರ ಕೋಟಿನ ಹರಿದ ಜೇಬು, ಎಲ್ಲ ಆ ತುದಿಗೆ. ಸೂಜಿ ಈ ತುದಿಗೆ, ದಾರ ಆ ತುದಿಗೆ. ದಿನಕ್ಕೆ ಎಂಟು ಸಲ ಓಡಾಟ. ನಾಲ್ಕನೇ ದಿನ ವಾಕರ್ ಮರೆತೇ ಹೊರಟು ಎಲ್ಲರ ಕೈಲೂ ಬೈಸಿಕೊಂಡರು.

ಎಂಟನೇ ದಿನ ಮತ್ತೆ ಪರೀಕ್ಷೆ. ಎದುರಿಗೆ ಗುಂಡಿ ಕಿತ್ತ ಅಂಗಿಯೊಂದನ್ನು ತೂಗುಹಾಕಿದ್ದರು. ಏಳು ಸೆಕೆಂಡು.

"ಮೇಡಂ, ಇದು ಮೋಸ ಆಗಲ್ವಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ಕಾಲು ಅವರದೇ ತಾನೇ ಅಮ್ಮ?"

ಮನೆಗೆ ಬಂದರು. ಹನ್ನೊಂದು ತಿಂಗಳು ಬದುಕಿದ್ದರು. ಅಷ್ಟು ದಿನವೂ ತಾವೇ ಎದ್ದರು, ತಾವೇ ನಡೆದರು. ಬೇಕಾದ್ದನ್ನೆಲ್ಲ ಹೆಂಡತಿ ಆಚೆ ಕೋಣೆಯಲ್ಲಿ ಇಡುತ್ತಿದ್ದಳು. ಬೈಯುತ್ತಾ ಹೋಗಿ ತರುತ್ತಿದ್ದರು.

ದಾರದ ಉಂಡೆ ಈಗಲೂ ಆಚೆ ಕೋಣೆಯಲ್ಲೇ ಇದೆ. ಬೇಕಾದಾಗ ಅವಳೇ ಎದ್ದು ಹೋಗಿ ತರುತ್ತಾಳೆ.