ಒಂಬತ್ತು ಸಲ ಮಾರಾಟವಾದ ಭರಣಿ

ನಾನು ಬರೆದ ವರದಿಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಹನ್ನೊಂದು ಸಾಲಿನ ಒಂದು ಚಿಕ್ಕ ಸುದ್ದಿ. ಅದರಲ್ಲಿ ತಪ್ಪು ಒಂದೂ ಇರಲಿಲ್ಲ. ಊರು, ವಿಷಯ, ಸಂಖ್ಯೆ ಎಲ್ಲವೂ ಸರಿಯಾಗಿದ್ದವು. ತಪ್ಪಾದ ಸುದ್ದಿಗೆ ತಿದ್ದುಪಡಿ ಹಾಕುವ ಪದ್ಧತಿ ಪತ್ರಿಕೆಗಳಲ್ಲಿ ಇದೆ. ಸರಿಯಾದ ಸುದ್ದಿಯಿಂದ ಯಾರಿಗಾದರೂ ನೋವಾದರೆ ಏನು ಹಾಕಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಸಾಗರದಲ್ಲಿ ಒಂದು ಕೋಣೆ ಹಿಡಿದು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಕೆಲಸಕ್ಕೆ ಸೇರುವಾಗ ನಮ್ಮ ಉಪಸಂಪಾದಕರು ಎರಡು ನಿಯಮ ಹೇಳಿದ್ದರು. ಕಂಡದ್ದನ್ನು ಬರೆಯಬೇಕು, ಅನಿಸಿದ್ದನ್ನಲ್ಲ. ಆಟ ನೋಡಲು ಹೋದವನು ರಂಗಸ್ಥಳ ಹತ್ತಬಾರದು. ಈ ಎರಡನ್ನೂ ನಾನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದೆನೆಂದರೆ, ಮದುವೆ ಮನೆಯಲ್ಲೂ ಪಾಯಸ ಹೇಗಿದೆ ಎಂದು ಕೇಳಿದವರಿಗೆ ‘ಬಿಸಿ ಇದೆ’ ಎಂದಷ್ಟೇ ಹೇಳುತ್ತಿದ್ದೆ.

ಆ ಕಾಲದಲ್ಲಿ ಯಾವ ಒಳ್ಳೆಯ ಕೆಲಸವಾಗಬೇಕಾದರೂ ಊರಿನವರು ಒಂದು ಸಹಾಯಾರ್ಥ ಉತ್ಸವ ಮಾಡುತ್ತಿದ್ದರು. ವಾಚನಾಲಯಕ್ಕೆ ಕಪಾಟು, ಶಾಲೆಗೆ ಬಾವಿ, ಬಡ ಹುಡುಗರ ಹಾಸ್ಟೆಲಿಗೆ ಹೆಂಚು. ಮೂರು ಊರಿನ ಉತ್ಸವಗಳನ್ನೂ ನೋಡಿದ ಅನುಭವದಿಂದ ಹೇಳುವುದಾದರೆ, ಸಾಗರದಲ್ಲಿ ಅದು ಸಮಿತಿ ರಚನೆಯಿಂದ ಶುರುವಾಗುತ್ತಿತ್ತು, ತೀರ್ಥಹಳ್ಳಿಯಲ್ಲಿ ಭಾಷಣದಿಂದ, ಹೊಸನಗರದಲ್ಲಿ ಒಲೆ ಹೊತ್ತಿಸುವುದರಿಂದ. ವರದಿಗಾರನಿಗೆ ಹೊಸನಗರವೇ ಅನುಕೂಲ. ಕೊನೆಯಲ್ಲಿ ಎಲ್ಲ ಕಡೆಯೂ ಸವಾಲು ಇದ್ದೇ ಇರುತ್ತಿತ್ತು. ನಮ್ಮ ಕಡೆ ಹರಾಜಿಗೆ ಸವಾಲು ಎನ್ನುತ್ತಾರೆ.

ಈ ಸವಾಲಿಗೆ ಒಂದು ಸಂಪ್ರದಾಯವಿತ್ತು. ಮನೆಮನೆಯಿಂದ ಬಂದ ಬಾಳೆಗೊನೆ, ಹಲಸಿನಕಾಯಿ, ಕುಂಬಳಕಾಯಿಗಳನ್ನು ಮೇಜಿನ ಮೇಲಿಟ್ಟು ಕೂಗುತ್ತಾರೆ. ಹೆಚ್ಚು ಕೂಗಿದವನು ಹಣ ಕೊಟ್ಟು, ವಸ್ತುವನ್ನು ಅಲ್ಲೇ ಉತ್ಸವಕ್ಕೆ ವಾಪಸು ಕೊಟ್ಟುಬಿಡುತ್ತಾನೆ. ಅದನ್ನೇ ಮತ್ತೆ ಕೂಗುತ್ತಾರೆ. ವಾಪಸು ಕೊಡುವುದು ದೊಡ್ಡತನ. ಹೊತ್ತುಕೊಂಡು ಹೋಗುವುದು, ಅಪರಾಧವಲ್ಲದಿದ್ದರೂ, ಸ್ವಲ್ಪ ಹಗುರ. ಸಂತೆಯಲ್ಲಿ ಬಸಳೆ ಕಟ್ಟಿಗೆ ಕಾಲು ಗಂಟೆ ಚೌಕಾಸಿ ಮಾಡುವವರು ಇಲ್ಲಿ ಒಂದು ಕುಂಬಳಕಾಯಿಗೆ ಕರುವಿನ ಬೆಲೆ ಕೊಟ್ಟು ಬರಿಗೈಯಲ್ಲಿ ಮನೆಗೆ ಹೋಗುವುದನ್ನು ನಾನು ಕಂಡಿದ್ದೇನೆ. ಕೊಟ್ಟದ್ದನ್ನು ಮರಳಿ ಪಡೆಯುವುದು ಮಹಾಪಾಪವೆಂದು ಧರ್ಮಶಾಸ್ತ್ರ ಹೇಳುತ್ತದೆ. ಆದರೆ ಒಂದೇ ವಸ್ತುವನ್ನು ಹಲವರು ದಾನ ಮಾಡಬಾರದೆಂದು ಎಲ್ಲೂ ಹೇಳಿದಂತಿಲ್ಲ. ನನ್ನ ಅಜ್ಜನ ಊರಿನಲ್ಲಿ ಒಂದು ಹಸು ಇತ್ತು. ಇಡೀ ಕೇರಿಯ ಗೋದಾನಗಳೆಲ್ಲ ಅದೊಂದರಲ್ಲೇ ನಡೆಯುತ್ತಿದ್ದವು. ಬೆಳಿಗ್ಗೆ ದಾನವಾಗಿ ಹೋಗಿ ಸಂಜೆ ತನ್ನ ಕೊಟ್ಟಿಗೆಗೇ ಬರುತ್ತಿತ್ತು.

ಆ ವರ್ಷ ಹೊಸನಗರದ ಉತ್ಸವ ಆಸ್ಪತ್ರೆಯ ಹಿಂದೆ ಒಂದು ಚಪ್ಪರಮನೆ ಕಟ್ಟಲು. ಹೆರಿಗೆಗೆ ಬಂದವರ ಜೊತೆ ಬರುವ ತಾಯಂದಿರಿಗೆ ಗಂಜಿ ಬೇಯಿಸಿಕೊಳ್ಳಲು ಜಾಗವಿರಲಿಲ್ಲ. ಸವಾಲು ಕೂಗುತ್ತಿದ್ದವರು ಮಂಜಪ್ಪ ಮೇಷ್ಟ್ರು, ನಿವೃತ್ತರು. ಮಗ್ಗಿ ಹೇಳಿಸಿದ ಗಂಟಲು ಇನ್ನೂ ಹಾಗೆಯೇ ಇತ್ತು. ಅಂದು ಒಂದು ಮಧ್ಯಮ ಗಾತ್ರದ ಭರಣಿ ಬಂದಿತ್ತು. ಬಾಯಿಗೆ ಬಿಳಿ ಬಟ್ಟೆ, ಅದರ ಮೇಲೆ ಬಾಳೆನಾರಿನ ಕಟ್ಟು. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿ. ಅದು ಒಂಬತ್ತು ಸಲ ಮಾರಾಟವಾಗಿ, ಒಂಬತ್ತು ಸಲವೂ ಮೇಜಿಗೆ ವಾಪಸು ಬಂತು. ಕೊನೆಗೆ ಮೇಷ್ಟ್ರು, ‘ಇದು ನಮ್ಮ ಅಕ್ಷಯಪಾತ್ರೆ, ಮುಂದಿನ ವರ್ಷಕ್ಕೂ ಇರ್ಲಿ’ ಎಂದು ತಮ್ಮ ಮನೆಯ ನಾಗಂದಿಗೆಗೆ ಏರಿಸಿದರು. ನಾನು ಹನ್ನೊಂದು ಸಾಲು ಬರೆದು ಕಳಿಸಿದೆ. ‘ಒಂದೇ ಭರಣಿ, ಒಂಬತ್ತು ಸವಾಲು’ ಎಂಬ ತಲೆಬರಹದಲ್ಲಿ ಅಚ್ಚಾಯಿತು. ಓದಿದವರು ನಕ್ಕರು. ನನಗೂ ಸಮಾಧಾನವಾಯಿತು.

ಹದಿನೈದು ದಿನ ಕಳೆದಿರಬೇಕು. ಸಾಗರದ ಸಂತೆಯ ದಿನ, ಐವತ್ತರ ಸುಮಾರಿನ ಹೆಂಗಸೊಬ್ಬಳು ನನ್ನ ಕೋಣೆಯ ಹೊಸಿಲಾಚೆ ನಿಂತು, ‘ಪೇಪರ್ ಬರೆಯೋ ಅಯ್ಯೋರು ನೀವೇನಾ?’ ಎಂದಳು. ಹೌದೆಂದೆ.

‘ನಾನು ಚೌಡಮ್ಮ. ಆ ಉಪ್ಪಿನಕಾಯಿ ಕೊಟ್ಟೋಳು.’

ಕುಳಿತುಕೊಳ್ಳಲು ಹೇಳಿದೆ. ಕೂರಲಿಲ್ಲ.

‘ಹೋಟ್ಲಲ್ಲಿ ಓದಿ ಹೇಳಿದ್ರು. ಒಂಬತ್ತು ಜನ ತಗಂಡ್ರು, ಒಂಬತ್ತು ಜನಾನೂ ಬ್ಯಾಡ ಅಂತ ವಾಪಸ್ ಕೊಟ್ರು ಅಂತ. ಹೌದಾ?’

ನಾನು ಸಂಪ್ರದಾಯವನ್ನು ವಿವರಿಸಿದೆ. ವಾಪಸು ಕೊಡುವುದು ಗೌರವ, ಹಾಗೆ ಮಾಡಿದ್ದರಿಂದ ಉತ್ಸವಕ್ಕೆ ಒಂಬತ್ತು ಪಟ್ಟು ಲಾಭ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

‘ಅದೆಲ್ಲ ಕುಂಬಳಕಾಯಿಗೆ ಆಯ್ತು ಅಯ್ಯಾ. ಉಪ್ಪಿನಕಾಯಿ ಹಾಕಿದ್ದು ಕೈ. ಯಾರ ಕೈ ಅಂತ ಕೇಳೇ ವಾಪಸ್ ಕೊಟ್ಟಿರ್ತಾರೆ.’

ಅವಳೇ ಮುಂದುವರಿಸಿದಳು. ಅವಳದು ಗೇಣಿ ಮಾಡುತ್ತಿದ್ದ ಕುಟುಂಬ. ಹೊಳೆದಂಡೆಯ ಮನೆ ಅಣೆಕಟ್ಟಿನ ಮುಳುಗಡೆಯಲ್ಲಿ ಹೋಯಿತು. ಮನೆ ಬಿಚ್ಚಿ ಲಾರಿಗೆ ಹಾಕುವ ವಾರವೇ ಹಿತ್ತಿಲ ಅಪ್ಪೆಮರ ಮಿಡಿ ಬಿಟ್ಟಿತ್ತು. ಹೆಂಚು ಇಳಿಸುವ ಗಲಾಟೆಯಲ್ಲೇ ಕೊಯ್ಯಿಸಿ ಉಪ್ಪಿಗೆ ಹಾಕಿದಳು.

‘ಎರಡು ಭರಣಿ ಆಗಿತ್ತು. ಒಂದು ಲಾರೀಲೇ ಒಡೀತು. ಉಳಿದಿದ್ದು ಇದೇ. ಮರ ಈಗ ನೀರೊಳಗೆ ಐತೆ.’

ಹಾಗಿದ್ದಮೇಲೆ ಇದ್ದ ಒಂದನ್ನೂ ಯಾಕೆ ಕೊಟ್ಟೆ ಎಂದು ಕೇಳಿದೆ. ಪತ್ರಕರ್ತನ ಚಾಳಿ.

‘ಮಗಳ ಹೆರಿಗೇಲಿ ಆ ಆಸ್ಪತ್ರೆ ಹಿಂದೆ ಮೂರು ಕಲ್ಲು ಇಟ್ಕಂಡು, ಒಂದು ಕೈಲಿ ಕೊಡೆ ಹಿಡ್ಕಂಡು ಗಂಜಿ ಕಾಯ್ಸಿದ್ದೀನಿ. ಕೊಡೋಕೆ ಮನೇಲಿ ಬೇರೆ ಎಂತ ಇತ್ತು?’ ಎಂದಳು. ಮತ್ತೆ, ‘ಆ ಕಾಯಿ ಹೆಂಗಾಗೈತೆ ಅಂತ ನಂಗೂ ಗೊತ್ತಿಲ್ಲ. ಬಾಯಿ ಬಿಚ್ಚಿರ್ಲಿಲ್ಲ. ತಿಂದೋರು ಯಾರಾದ್ರೂ ಹೇಳ್ತಾರೆ ಅಂದ್ಕಂಡಿದ್ದೆ’ ಎಂದು ಸಂತೆಯ ಚೀಲ ಎತ್ತಿಕೊಂಡು ಹೋದಳು.

ಅವಳು ಹೋದಮೇಲೆ ನಾನು ಅಂದಿನ ಟಿಪ್ಪಣಿ ಪುಸ್ತಕ ತೆಗೆದೆ, ಅವಳ ಅನುಮಾನ ಸುಳ್ಳೆಂದು ನನಗೆ ನಾನೇ ತೋರಿಸಿಕೊಳ್ಳಲು. ಬಾಳೆಗೊನೆ, ಮೂರು ಸಲ. ಹಲಸು, ಎರಡು ಸಲ. ಅಲ್ಲಿಯವರೆಗೆ ನನ್ನ ಪಕ್ಷವೇ ಗೆದ್ದಿತ್ತು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲು: ಪಟೇಲರ ಮನೆಯ ಹಪ್ಪಳದ ಕಟ್ಟು, ಒಂದು ಸಲ, ಕೂಗಿದವರು ಒಯ್ದರು. ಕೈಯಿಂದ ಮಾಡಿದ ತಿನಿಸು ಅಂದು ಬಂದದ್ದು ಎರಡೇ. ಹಪ್ಪಳ ಮನೆಗೆ ಹೋಗಿತ್ತು, ಉಪ್ಪಿನಕಾಯಿ ಹೋಗಿರಲಿಲ್ಲ. ಕಂಡದ್ದನ್ನೆಲ್ಲ ಬರೆದುಕೊಂಡಿದ್ದೆ, ನೋಡಿರಲಿಲ್ಲ. ಇದರಿಂದ ಏನನ್ನೂ ಸಾಬೀತು ಮಾಡಲಾಗದು ಎಂದು ಈಗಲೂ ಹೇಳಬಲ್ಲೆ. ಆದರೆ ಒಂಬತ್ತು ಜನರೂ ದೊಡ್ಡತನದಿಂದಲೇ ವಾಪಸು ಕೊಟ್ಟರೆಂದು ಪ್ರಮಾಣ ಮಾಡಲೂ ಆಗದು.

ಮರುವರ್ಷ ಚಪ್ಪರಮನೆಗೆ ಗೋಡೆ ಎದ್ದಿತ್ತು, ಹೆಂಚಿನ ಮಾಡು ಬಾಕಿ ಇತ್ತು. ಮತ್ತೆ ಉತ್ಸವ, ಮತ್ತೆ ಸವಾಲು. ಭರಣಿ ನಾಗಂದಿಗೆಯಿಂದ ಇಳಿದು ಮೇಜಿಗೆ ಬಂತು. ಹೆಂಗಸರ ಸಾಲಿನ ಹಿಂದೆ, ಕಂಬ ಹಿಡಿದು, ಚೌಡಮ್ಮ ನಿಂತಿದ್ದಳು. ಮೇಷ್ಟ್ರು ಕೂಗು ಶುರು ಮಾಡಿದರು. ನಾನು ಪೆನ್ನು ಜೇಬಿಗೆ ಹಾಕಿ ಕೂಗಿದೆ. ಜನ ತಿರುಗಿ ನೋಡಿದರು. ಅಡಿಕೆ ಮಂಡಿಯ ಒಬ್ಬರು ಮೇಲೇರಿಸಿದರು, ನಾನೂ ಏರಿಸಿದೆ. ಎಷ್ಟಕ್ಕೆ ನಿಂತಿತೆಂದು ಹೇಳಿದರೆ ನನ್ನ ಸಂಬಳವೂ ಗೊತ್ತಾಗಿಬಿಡುತ್ತದೆ, ಬೇಡ.

ಮೇಷ್ಟ್ರು ಅಭ್ಯಾಸಬಲದಿಂದ ಭರಣಿಯನ್ನು ಮತ್ತೆ ಮೇಜಿನ ನಡುವಿಗೆ ಸರಿಸುತ್ತ, ‘ವರದಿಗಾರರು ವಾಪಸ್ ಕೊಟ್ಟಿದ್ದಾರೆ’ ಎಂದರು.

‘ಕೊಟ್ಟಿಲ್ಲ ಮೇಷ್ಟ್ರೆ. ಒಂದು ಬಾಳೆಎಲೆ ತರಿಸಿ, ಸ್ವಲ್ಪ ಅನ್ನಾನೂ.’

‘ಎಂತ ಮಾರಾಯ್ರೆ, ಹಾಲು ಕರೆಯೋ ಎಮ್ಮೇನ ಬತ್ತಿಸಿದ್ರಲ್ಲ. ಇದ್ರಿಂದ ಮಾಡಿಗೆ ಅರ್ಧ ಹೆಂಚು ಬರ್ತಿತ್ತು.’

‘ಉಳಿದರ್ಧಕ್ಕೆ ಹಲಸಿನಕಾಯಿ ಕೂಗಿ’ ಎಂದು ನಾರು ಬಿಚ್ಚಿದೆ. ಜೀರಿಗೆಯಂಥ ಘಾಟು ಹತ್ತಿರದ ಎರಡು ಸಾಲಿಗಾದರೂ ಮುಟ್ಟಿರಬೇಕು. ಹಲಸಿನಕಾಯಿಯತ್ತ ಹೊರಟಿದ್ದ ಮೇಷ್ಟ್ರು ನಿಂತರು. ‘ಎಲ್ಲಿ, ನಂಗೂ ಒಂದು ಇಡಿ’ ಎಂದು ಎಲೆಯ ಆಚೆ ಬದಿಗೆ ಕೂತರು. ಮೇಷ್ಟ್ರು ಕೂತಮೇಲೆ, ಅವರಿಂದ ಮಗ್ಗಿ ಕಲಿತವರು ನಿಂತೇ ಇರುವುದು ಕಷ್ಟ. ಹಿಂದಿನ ವರ್ಷ ಕೂಗಿದ್ದ ಒಂಬತ್ತು ಜನರಲ್ಲಿ ಆರು ಜನ ಬಂದು ತಿಂದರು. ಇಬ್ಬರು ಅಂದು ಊರಲ್ಲಿರಲಿಲ್ಲ. ಒಬ್ಬರು ಪಥ್ಯವೆಂದರು. ಹೆಂಗಸರು ಬಂದಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಚೌಡಮ್ಮನನ್ನು ಕರೆದೆವು. ಬಂದಳು. ಒಂದು ಮಿಡಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ನಿಧಾನವಾಗಿ ಕಚ್ಚಿದಳು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು.

‘ಉಪ್ಪು ಒಂಚೂರು ಜಾಸ್ತಿ ಆಗೈತೆ’ ಎಂದಳು. ‘ಹೊರಡೋ ಗಡಿಬಿಡೀಲಿ ಅಳತೆ ಸಿಕ್ಲಿಲ್ಲ.’

ಆಮೇಲೆ ನನ್ನ ಕಡೆ ತಿರುಗಿ, ‘ಬರೀತೀರಲ್ಲ, ಹೆಂಗಿತ್ತು ಅಂತ?’ ಎಂದಳು.

ಬರೆಯುತ್ತೇನೆಂದೆ. ಬರೆದೆ ಕೂಡ, ಅಂದೇ. ಸಂಜೆಯ ಬಸ್ಸಿಗೆ ಕವರು ಕೊಟ್ಟೆ. ಮೂರನೆಯ ದಿನ ಪತ್ರಿಕೆ ಬಂದಾಗ ಸುದ್ದಿ ಪೂರ್ತಿ ಇತ್ತು: ಉತ್ಸವ ನಡೆದದ್ದು, ಮಾಡಿಗೆ ಹಣ ಕೂಡಿದ್ದು, ಭರಣಿ ತೆರೆದದ್ದು. ಕೊನೆಯ ಸಾಲು ಇರಲಿಲ್ಲ. ಫೋನು ಮಾಡಿ ಕೇಳಿದೆ. ಉಪಸಂಪಾದಕರು ನಿಯಮ ನೆನಪಿಸಿದರು. ‘ಅದು ಸುದ್ದಿಯಲ್ಲ, ನಿಮ್ಮ ಅಭಿಪ್ರಾಯ.’ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಹೊಡೆದುಹಾಕುತ್ತಿದ್ದೆ.

ಭರಣಿಯನ್ನು ತೊಳೆದು, ಖಾಲಿ ಕೊಡಬಾರದೆಂದು ಒಂದು ಸೇರು ಅಕ್ಕಿ ತುಂಬಿ, ನಾನೇ ಕೊಂಡುಹೋಗಿ ಮುಟ್ಟಿಸಿದೆ. ಪತ್ರಿಕೆಯಲ್ಲಿ ಬಂತಾ ಎಂದು ಅವಳು ಕೇಳಲಿಲ್ಲ. ಹೋಟೆಲಿನಲ್ಲಿ ಓದಿಸಿ ಕೇಳಿರಬೇಕು. ಆಮೇಲೆ ನಾನು ಸಾವಿರಾರು ಸುದ್ದಿ ಬರೆದೆ. ಮಳೆ, ಚುನಾವಣೆ, ಅಡಿಕೆ ಧಾರಣೆ. ಯಾವುದರಲ್ಲೂ ಆ ಒಂದು ಸಾಲಿಗೆ ಜಾಗ ಸಿಗಲಿಲ್ಲ. ಈಗ ತಲೆಯ ಮೇಲೆ ಉಪಸಂಪಾದಕರಿಲ್ಲದ ಕಡೆ ಬರೆಯುತ್ತಿರುವುದರಿಂದ ಬಾಕಿ ಉಳಿದದ್ದನ್ನು ದಾಖಲಿಸುತ್ತೇನೆ. ಉಪ್ಪಿನಕಾಯಿ ಬಹಳ ಚೆನ್ನಾಗಿತ್ತು. ಉಪ್ಪು ಒಂಚೂರು ಜಾಸ್ತಿ ಇದ್ದದ್ದು ನಿಜ.